ನರಿಯ ಉಪ್ಪು, ನೀರುನಾಯಿಯ ಮಡು

ಹಿಮ ಬೀಳುವ ಒಂದು ಕಾಡಿನಲ್ಲಿ, ಬೆಟ್ಟದ ಪಕ್ಕೆಗೆ ಅಂಟಿಕೊಂಡಂತೆ ಒಂದು ದಾರಿ ಇತ್ತು. ದಾರಿಯ ಆ ತುದಿಯಲ್ಲಿ ಬಿಸಿನೀರಿನ ಬುಗ್ಗೆ. ಚಳಿಗಾಲದಲ್ಲಿ ಕಾಡೆಲ್ಲ ಬೆಳ್ಳಗಾದಾಗಲೂ ಬುಗ್ಗೆಯ ಸುತ್ತ ಒಂದಿಷ್ಟು ಹಸಿರು ಹುಲ್ಲು ಉಳಿಯುತ್ತಿತ್ತು. ಕುಡಿಯಲು ನೀರು, ಮೇಯಲು ಹುಲ್ಲು, ಕೂತು ಆಡಿಕೊಳ್ಳಲು ನೆರೆಹೊರೆ, ಎಲ್ಲ ಅಲ್ಲೇ. ಆದರೆ ತಲುಪುವುದು ಹೇಗೆ? ದಾರಿಯ ಮೇಲೆ ಮಂಜುಗಡ್ಡೆ ಕಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾಲ್ಕು ಕಾಲಲ್ಲಿ ಹೊರಟವರು ಬೆನ್ನ ಮೇಲೆ ಬಂದು ಮುಟ್ಟುತ್ತಿದ್ದರು.

ಆಗ ಕೆಂಚಣ್ಣ ಎಂಬ ನರಿ ಮುಂದೆ ಬಂದ.

"ಬೆಟ್ಟದ ತಲೆಯಲ್ಲಿ ಉಪ್ಪಿನ ಬಂಡೆ ಇದೆ. ಉಪ್ಪು ಬಿದ್ದರೆ ಮಂಜುಗಡ್ಡೆ ಕರಗುತ್ತೆ. ದಾರಿಯ ಗುತ್ತಿಗೆ ನನಗೆ ಕೊಡಿ. ನೀವು ಕೂಡಿಟ್ಟ ಆಹಾರದಲ್ಲಿ ಮನೆಗೊಂದು ಪಾಲು ನನಗಿರಲಿ. ಯಾರಾದರೂ ಜಾರಿ ಬಿದ್ದರೆ ನನ್ನ ಹೆಸರು ಬದಲಾಯಿಸಿ," ಅಂದ.

ಕಾಡಿನ ಹಿರಿಯಳು ಜೂಲಜ್ಜಿ ಎಂಬ ಚಮರೀಮೃಗ. ಅವಳು ಮೆಲುಕು ಹಾಕುತ್ತಲೇ ಹೇಳಿದಳು, "ಕೊಡೋಣ. ಆದರೆ ಕಟ್ಟಳೆ ಕೇಳಿಕೋ. ಉಪ್ಪು ಎಷ್ಟು ಬೇಕೋ ಅಷ್ಟೇ, ಚಿಟಿಕೆ ಹೆಚ್ಚಿಲ್ಲ. ದಾರಿಯ ನಡುವೆ ತಿರುವಿದೆಯಲ್ಲ, ಅಲ್ಲಿ ಉಪ್ಪೇ ಬೇಡ. ನದಿಯ ಮರಳು ತಂದು ಹಾಕು. ತಿರುವಿನ ಕೆಳಗೆ ಮಡುವಿದೆ. ಮಡುವಿನಲ್ಲಿ ಒಂದು ಮನೆಯಿದೆ."

"ಅಜ್ಜೀ, ಪರಿಸರ ಅಂದರೆ ನನಗೆ ಪ್ರಾಣ," ಅಂದ ಕೆಂಚಣ್ಣ, ಬಾಲವನ್ನು ಎದೆಯ ಮೇಲಿಟ್ಟುಕೊಂಡು.

ಮಡುವಿನಲ್ಲಿದ್ದದ್ದು ಮಿಂಚವ್ವ ಎಂಬ ನೀರುನಾಯಿಯ ಮನೆ. ಅವಳಿಗೆ ಪುಟ್ಟ ಮರಿಗಳಿದ್ದವು. ನಡೆದರೆ ಉರುಳುವಷ್ಟು ಪುಟ್ಟವು. ಮಡುವಿನ ಮೀನೇ ಅವರ ಊಟ, ಮಡುವಿನ ನೀರೇ ಅವರ ತೊಟ್ಟಿಲು.

ಕಟ್ಟಳೆ ಪಾಲನೆಯಾಗುತ್ತಿದೆಯೇ ಎಂದು ನೋಡಲು ಒಬ್ಬ ಅಧಿಕಾರಿ ಬೇಕಲ್ಲ? ಸುರುಳಿಕೊಂಬಯ್ಯ ಎಂಬ ಮುದಿ ಟಗರನ್ನು ನೇಮಿಸಿದರು. ಉಪ್ಪಿನ ರುಚಿ ಟಗರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಆಗಾಗ ಮಡುವಿಗೆ ಇಳಿಯಬೇಕು, ನೀರಿನ ರುಚಿ ನೋಡಬೇಕು. ನೀರು ಸಿಹಿಯಿದ್ದರೆ ನರಿಯ ಕಿವಿಗೆ ದೇವದಾರಿನ ಹಸಿರು ಚಿಗುರು ಸಿಕ್ಕಿಸಬೇಕು. ಆ ಚಿಗುರಿದ್ದರೇ ಗುತ್ತಿಗೆ.

ಕೆಂಚಣ್ಣ ಕೆಲಸ ಶುರು ಮಾಡಿದ. ಮೊದಲೆರಡು ಸಲ ಮರಳನ್ನೂ ಹೊತ್ತ. ನದಿ ದೂರ, ಮರಳು ಹೆಪ್ಪುಗಟ್ಟಿತ್ತು, ಬೆನ್ನು ಮುರಿಯುತ್ತಿತ್ತು. ಉಪ್ಪಿನ ಬಂಡೆಯಾದರೋ ಮೇಲೆಯೇ ಇತ್ತು. ಕೆರೆದು ಉರುಳಿಸಿದರೆ ತಾನಾಗಿ ಕೆಳಗೆ ಬರುತ್ತಿತ್ತು. 'ಯಾರು ನೋಡುತ್ತಾರೆ?' ಎಂದುಕೊಂಡು ತಿರುವಿಗೂ ಉಪ್ಪನ್ನೇ ಸುರಿದ. ಚಿಟಿಕೆಯಲ್ಲ, ರಾಶಿ ರಾಶಿ. ಕರಗಿದ ಉಪ್ಪು ನೀರಾಗಿ ಮಡುವಿಗೆ ಇಳಿಯಿತು.

ಕೆಂಚಣ್ಣನ ಸ್ವಂತ ಗುಹೆ ಎಲ್ಲಿತ್ತು ಅಂತೀರಾ? ತಿರುವಿನಿಂದ ಮೇಲೆ, ತಿಳಿನೀರಿನ ತೊರೆಯ ಪಕ್ಕದಲ್ಲಿ. ಉಪ್ಪು ಸುರಿಯುವವರು ಯಾವ ಕಾಡಿನಲ್ಲೂ ಇಳಿಜಾರಿನ ಕೆಳಗೆ ಮನೆ ಮಾಡುವುದಿಲ್ಲ.

ಪ್ರಾಣಿಗಳಿಗೆ ಮಾತ್ರ ಖುಷಿಯೋ ಖುಷಿ. ದಾರಿ ಜಾರುತ್ತಿರಲಿಲ್ಲ. ಹೋಗುತ್ತಾ ಒಂದು ನೆಕ್ಕು, ಬರುತ್ತಾ ಒಂದು ನೆಕ್ಕು. "ದಾರಿಯೂ ಆಯಿತು, ಉಪ್ಪಿನಕಾಯಿಯೂ ಆಯಿತು!" ಎಂದು ಬಿಳಿ ಮೊಲ ಕುಣಿಯಿತು.

ಇತ್ತ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮರಿಗಳ ಕಣ್ಣು ಕೆಂಪಗಾಯಿತು. ನೀರು ಬಾಯಿಗಿಟ್ಟರೆ ಉಗುಳುತ್ತಿದ್ದವು. ಮಿಂಚವ್ವ ತಾನೂ ಕುಡಿದು ನೋಡಿದಳು. ಥೂ, ಉಪ್ಪು! ಬೇರೆ ಬಿಲ ತೋಡೋಣವೆಂದರೆ ನೆಲ ಕಲ್ಲಾಗಿತ್ತು. ಬುಗ್ಗೆಗೆ ಹೋಗೋಣವೆಂದರೆ ಆ ಚಳಿಯಲ್ಲಿ ಅಷ್ಟು ದೂರ ಮರಿಗಳು ಬದುಕಿ ತಲುಪುವಂತಿರಲಿಲ್ಲ. ಅವಳು ಓಡಿಹೋಗಿ ಜೂಲಜ್ಜಿಗೆ ದೂರು ಹೇಳಿದಳು.

ಸುರುಳಿಕೊಂಬಯ್ಯ ಪರೀಕ್ಷೆಗೆ ಹೊರಟ. ತಿರುವಿನಲ್ಲೇ ಕೆಂಚಣ್ಣ ಕೈಮುಗಿದು ನಿಂತಿದ್ದ.

"ಬನ್ನಿ ಸ್ವಾಮಿ, ಬನ್ನಿ! ಎಂಥಾ ಚಳಿಯಲ್ಲಿ ಬಂದಿರಿ! ಮೊದಲು ಇದನ್ನು ಬಾಯಿಗೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬಯಲು ಸೀಮೆಗೆ ಹೋಗಿದ್ದೆನಲ್ಲ, ಅಲ್ಲಿಂದ ತಂದದ್ದು. ಕೆಮ್ಮಿಗೆ ಒಳ್ಳೆಯದು," ಎಂದು ಒಂದು ಒಣ ನೆಲ್ಲಿಕಾಯಿ ಕೊಟ್ಟ.

"ನೀನು ಬಹಳ ವಿನಯವಂತ ಕಣಯ್ಯ," ಎನ್ನುತ್ತಾ ಟಗರು ಅದನ್ನು ಜಗಿಯಿತು. ಜಗಿಯುತ್ತಲೇ ಮಡುವಿಗೆ ಇಳಿದು ಗುಟುಕು ನೀರು ಕುಡಿಯಿತು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಿಮದ ನಾಡಿನ ಟಗರಿಗೆ ಗೊತ್ತಿರಲಿಲ್ಲ.

"ಆಹಾ! ಸಕ್ಕರೆ!" ಎಂದಿತು ಟಗರು. "ಇದರಲ್ಲಿ ಉಪ್ಪೆಲ್ಲಿದೆಯಮ್ಮಾ?"

ಪರೀಕ್ಷೆ ನೋಡಲು ಬಂದಿದ್ದ ಬಿಳಿ ಮೊಲ ನಕ್ಕಿತು. "ಬಾಣಂತಿ ನಾಲಿಗೆ ಸ್ವಾಮಿ. ಏನೇನೋ ರುಚಿ ಹತ್ತುತ್ತೆ!"

ನರಿಯ ಕಿವಿಗೆ ಹೊಸ ಚಿಗುರು ಬಂತು. ಮಿಂಚವ್ವನಿಗೆ ಅಳು ಬಂತು.

ಆದರೆ ಸುರುಳಿಕೊಂಬಯ್ಯನಿಗೆ ಹಲ್ಲು ಸರಿಯಿರಲಿಲ್ಲ. ಜಗಿದ ನೆಲ್ಲಿಕಾಯಿಯ ತುಣುಕೊಂದು ಮಡುವಿನ ದಂಡೆಯಲ್ಲಿ ಬಿದ್ದಿತ್ತು. ಎಲ್ಲರೂ ಹೋದ ಮೇಲೆ ಮಿಂಚವ್ವ ಅದನ್ನು ಮೂಸಿದಳು. ಬಾಯಿಗೆ ಹಾಕಿಕೊಂಡಳು. ಹುಳಿ, ಒಗರು. ಮುಖ ಕಿವುಚಿಕೊಂಡು ಮಡುವಿನ ನೀರು ಕುಡಿದಳು. ಸಿಹಿ! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಡಿದಳು. ಉಪ್ಪು!

"ಓಹೋ, ಹೀಗೋ ಸಮಾಚಾರ," ಎಂದಳು ಮಿಂಚವ್ವ.

ಹೋಗಿ ಹೇಳಿದರೆ ಯಾರು ನಂಬುತ್ತಾರೆ? ತುಣುಕು ಅವಳ ಹೊಟ್ಟೆಯಲ್ಲಿತ್ತು. 'ನನ್ನ ನಾಲಿಗೆಯನ್ನೇ ಅನುಮಾನಿಸುತ್ತೀಯಾ?' ಎಂದು ಟಗರು ಗುದ್ದಲು ಬಂದರೂ ಬಂದೀತು. ಉಳಿದವರಿಗೆ ನೆಕ್ಕುವ ದಾರಿ ಸಿಕ್ಕಿತ್ತು. ಅಂಥವರ ಮುಂದೆ ಸತ್ಯ ಹೇಳುವುದೆಂದರೆ ಕಲ್ಲಿನ ಮೇಲೆ ನೀರು ಸುರಿದಂತೆ. ಅವಳು ಯೋಚಿಸಿದಳು. ಆಮೇಲೆ ಮುಖ ತೊಳೆದು, ಮೀಸೆ ನೀವಿಕೊಂಡು ಬುಗ್ಗೆಯ ಬಳಿ ಹೋದಳು. ಅಲ್ಲಿ ಎಲ್ಲರೂ ಸೇರಿದ್ದರು.

"ತಪ್ಪಾಯಿತು ಕೆಂಚಣ್ಣ," ಅಂದಳು. "ನನ್ನ ನಾಲಿಗೆಯೇ ಕೆಟ್ಟಿದೆ. ಮಡುವಿನ ನೀರು ಅಮೃತವಂತೆ. ಅಧಿಕಾರಿಗಳೇ ಹೇಳಿದ್ದಾರೆ."

ಕೆಂಚಣ್ಣ ಉಬ್ಬಿಹೋದ. "ಅಮೃತವೇ ಸರಿ! ನಿನಗೆ ಬೆಲೆ ಗೊತ್ತಿಲ್ಲ ತಾಯಿ. ಅಂಥ ನೀರು ನನ್ನ ಮನೆ ಬಾಗಿಲಿಗಿದ್ದಿದ್ದರೆ ನಾನು ಈ ಬೆಟ್ಟ ಹತ್ತುತ್ತಲೇ ಇರಲಿಲ್ಲ!"

"ಹೌದಾ? ಹಾಗಾದರೆ ಮನೆ ಬದಲಾಯಿಸಿಕೊಳ್ಳೋಣ. ಹಿಮ ಕರಗುವವರೆಗೆ ನೀನು ಮಡುವಿನಲ್ಲಿರು, ನಾನು ನಿನ್ನ ಗುಹೆಯಲ್ಲಿರುತ್ತೇನೆ. ಅಮೃತದ ಬೆಲೆ ಗೊತ್ತಿರುವವರೇ ಅದನ್ನು ಕುಡಿಯಬೇಕು."

ಕೆಂಚಣ್ಣ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಅದು... ನನ್ನ ಗುಹೆ ಚಿಕ್ಕದು..."

"ನಾವೂ ಚಿಕ್ಕವರೇ."

"ಮರಿಗಳಿಗೆ ಬೆಟ್ಟದ ಗಾಳಿ..."

"ಒಳ್ಳೆಯದು ಅಂತ ನೀನೇ ಹೇಳುತ್ತಿದ್ದೆಯಲ್ಲ ಕೆಂಚಣ್ಣ!" ಎಂದಿತು ಬಿಳಿ ಮೊಲ, ಪಾಪ, ಏನೂ ಅರಿಯದೆ.

ಜೂಲಜ್ಜಿ ಮೆಲುಕು ನಿಲ್ಲಿಸಿ ನರಿಯನ್ನು ದಿಟ್ಟಿಸಿದಳು. "ಯಾಕಪ್ಪಾ, ಏನಾದರೂ ತೊಂದರೆಯೇ?"

"ತೊಂದರೆಯೇ? ಎಲ್ಲಿಯ ತೊಂದರೆ ಅಜ್ಜಿ!" ಎಂದು ಕೆಂಚಣ್ಣ ನಕ್ಕ. ಆ ನಗುವಿಗೂ ಹಲ್ಲುನೋವಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅಂದೇ ಮಿಂಚವ್ವ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಮೇಲಕ್ಕೆ ಸಾಗಿಸಿದಳು. ತೊರೆಯ ನೀರು ತಿಳಿಯಾಗಿತ್ತು. ಮಂಜುಗಡ್ಡೆಯ ಕೆಳಗೆ ಮೀನು ಮಿಂಚುತ್ತಿದ್ದವು. ಮರಿಗಳ ಕಣ್ಣಿನ ಕೆಂಪು ಇಳಿಯಿತು.

ಕೆಂಚಣ್ಣ ಮಡುವಿಗೆ ಇಳಿದ. ನೆಲ್ಲಿಕಾಯಿಯ ಗಂಟನ್ನೂ ಜೊತೆಗೆ ತಂದಿದ್ದ. ಒಂದು ನೆಲ್ಲಿಕಾಯಿ, ಒಂದು ಗುಟುಕು. ಇನ್ನೊಂದು ನೆಲ್ಲಿಕಾಯಿ, ಇನ್ನೊಂದು ಗುಟುಕು. ನಾಲಿಗೆಗೆ ಸಿಹಿ, ಹೊಟ್ಟೆಗೆ ಮಾತ್ರ ಉಪ್ಪು! ಕುಡಿದಷ್ಟೂ ದಾಹ ಹೆಚ್ಚಿತು. ದಾಹ ಹೆಚ್ಚಿದಷ್ಟೂ ಗಂಟು ಕರಗಿತು. ದಂಡೆಯ ಹಿಮ ನೆಕ್ಕೋಣವೆಂದರೆ ಅದರಲ್ಲೂ ಅವನದೇ ಉಪ್ಪು. ದೂರದ ಹಿಮ ತಿಂದರೆ ಹೊಟ್ಟೆ ಮರಗಟ್ಟಿತು. ಅಂಗಾಲು ಬಿರಿಯಿತು. ಬಿರುಕಿಗೆ ಉಪ್ಪು ನೀರು ತಾಗಿ, ಅವನು ಕುಣಿದ ಕುಣಿತ ನೋಡಬೇಕಿತ್ತು.

ಒಂದು ದಿನ ತಡೆಯಲಾರದೆ ಬುಗ್ಗೆಗೆ ಹೋಗಿ ನೀರಿಗೆ ಬಾಯಿಟ್ಟ.

"ಏನು ಕೆಂಚಣ್ಣ, ಇಲ್ಲಿ?" ಬಿಳಿ ಮೊಲ ಪಕ್ಕದಲ್ಲೇ ಇತ್ತು. "ಮನೆ ಮುಂದೆ ಅಮೃತ ಇಟ್ಟುಕೊಂಡು ಈ ಗಂಧಕದ ವಾಸನೆಯ ನೀರು ಯಾಕೆ?"

"ಕುಡಿಯುತ್ತಿಲ್ಲಪ್ಪ. ಮುಖ ನೋಡಿಕೊಳ್ಳುತ್ತಿದ್ದೆ," ಎಂದು ಕೆಂಚಣ್ಣ ಒಣಗಿದ ಬಾಯಲ್ಲೇ ವಾಪಸಾದ.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ತಿರುವಿಗೆ ಉಪ್ಪು ಸುರಿಯುವುದನ್ನೇ ನಿಲ್ಲಿಸಿಬಿಟ್ಟ. ಮಡು ಮೆಲ್ಲಗೆ ತಿಳಿಯಾದೀತು ಎಂದು ಅವನ ಲೆಕ್ಕ. ಲೆಕ್ಕ ಸರಿಯೇ. ಆದರೆ ಉಪ್ಪಿನ ಬದಲು ಮರಳು ಹಾಕಬೇಕಿತ್ತು. ಮರಳು ಹೊರುವುದು ಯಾರು? ಸೋಮಾರಿತನ ಅವನ ಬೆನ್ನು ಬಿಡಲಿಲ್ಲ. ತಿರುವಿನಲ್ಲಿ ಮಂಜುಗಡ್ಡೆ ಮತ್ತೆ ಕಟ್ಟಿತು.

ಮರುದಿನ ಬೆಳಿಗ್ಗೆ ಸುರುಳಿಕೊಂಬಯ್ಯ ಬುಗ್ಗೆಗೆ ಹೊರಟಿದ್ದ. ಹಿಂದೆ ಜೂಲಜ್ಜಿ, ಬಿಳಿ ಮೊಲ, ಇನ್ನೂ ಹಲವರು. ಟಗರು ಗತ್ತಿನಿಂದ ತಿರುವಿಗೆ ಕಾಲಿಟ್ಟಿತು. ಸರ್ರ್ ಎಂದು ಜಾರಿತು! ಕೊಂಬು ಮುಂದೆ, ಬಾಲ ಹಿಂದೆ, ಆಮೇಲೆ ಬಾಲ ಮುಂದೆ, ಕೊಂಬು ಹಿಂದೆ. ಗಿರಗಿರನೆ ತಿರುಗುತ್ತಾ ಇಳಿಜಾರಿಗೆ ಬಿತ್ತು. ದಡಬಡನೆ ಉರುಳಿ, ಧುಡುಮ್ಮನೆ ಮಡುವಿನಲ್ಲಿ ಮುಳುಗಿತು. ಬಾಯಿ ತುಂಬ ನೀರು ಕುಡಿದು ಮೇಲೆದ್ದಿತು.

"ಥೂ! ಥೂ! ಉಪ್ಪು! ಶುದ್ಧ ಉಪ್ಪು!"

ಕೆಂಚಣ್ಣ ಬಿಲದಿಂದ ಹೊರಗೆ ಹಾರಿದ. "ಸ್ವಾಮೀ, ಒಂದು ನಿಮಿಷ! ಒಂದು ನೆಲ್ಲಿಕಾಯಿ..." ಎಂದು ಗಂಟು ಬಿಚ್ಚಿದ. ಗಂಟಿನಲ್ಲಿ ಗಾಳಿ ಮಾತ್ರ ಇತ್ತು. ಕೊನೆಯದನ್ನು ಅವನೇ ಬೆಳಗಿನ ಗುಟುಕಿಗೆ ತಿಂದು ಮುಗಿಸಿದ್ದ.

ಟಗರು ನರಿಯನ್ನು ನೋಡಿತು. ಗಂಟನ್ನು ನೋಡಿತು. ಮಡುವನ್ನು ನೋಡಿತು. ಮುದಿ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

"ಕೆಮ್ಮಿಗೆ ಒಳ್ಳೆಯದು ಅಂದೆಯಲ್ಲೋ, ಕಳ್ಳಾ!" ಎಂದು ಕೊಂಬು ತಗ್ಗಿಸಿತು. ಕೆಂಚಣ್ಣ ಓಡಿದ. ಓಡಿದ್ದು ಎಲ್ಲಿಗೆ? ತಿರುವಿನ ಮಂಜುಗಡ್ಡೆಯ ಮೇಲಕ್ಕೇ. ಜಾರಿದ, ಉರುಳಿದ, ತಾನೂ ಧುಡುಮ್ಮನೆ ಮಡುವಿಗೆ ಬಿದ್ದ. ಕಿವಿಯ ಹಸಿರು ಚಿಗುರು ನೀರಿನಲ್ಲಿ ತೇಲಿಹೋಯಿತು.

ಅಷ್ಟರಲ್ಲಿ ಗದ್ದಲ ಕೇಳಿ ಮಿಂಚವ್ವ ಇಳಿದು ಬಂದಿದ್ದಳು. ಬಿಳಿ ಮೊಲ ಅವಳ ಮುಖ ನೋಡಲಾರದೆ ಕಿವಿ ಮಡಚಿತು. "ಅಕ್ಕಾ, ನಿನ್ನ ನಾಲಿಗೆ ಸರಿಯಾಗಿಯೇ ಇತ್ತು," ಅಂದಿತು.

"ಗೊತ್ತಿತ್ತಪ್ಪ," ಅಂದಳು ಮಿಂಚವ್ವ. "ನಿನ್ನದನ್ನು ಮಾತ್ರ ಸ್ವಲ್ಪ ನೋಡಿಕೋ."

ಜೂಲಜ್ಜಿ ತೀರ್ಪು ಕೊಟ್ಟಳು. "ಕೆಂಚಣ್ಣ, ಮಡು ತಿಳಿಯಾಗುವವರೆಗೆ ನೀನು ಅದರ ದಂಡೆಯಲ್ಲೇ ಇರಬೇಕು. ದಂಡೆಯ ಉಪ್ಪುಮಣ್ಣು ಕೆರೆದು ತೆಗೆಯಬೇಕು. ತಿರುವಿಗೆ ಮರಳು ಹೊರಬೇಕು. ಕೊಂಬಯ್ಯಾ, ನೀನು ಇನ್ನು ಮೇಲೆ ಬಾಯಿ ಮುಕ್ಕಳಿಸಿ, ಬರಿ ಹೊಟ್ಟೆಯಲ್ಲಿ ಪರೀಕ್ಷೆಗೆ ಬಾ. ನಾವೂ ದಾರಿ ನೆಕ್ಕುವುದನ್ನು ಬಿಡೋಣ. ನಮ್ಮ ನಾಲಿಗೆಯೇ ಅವನಿಗೆ ಅಷ್ಟು ಧೈರ್ಯ ಕೊಟ್ಟಿತ್ತು."

ಕೆಂಚಣ್ಣ ಮರಳು ಹೊತ್ತ. ಬೆನ್ನು ನೋಯಿತು, ಆದರೆ ಮುರಿಯಲಿಲ್ಲ. ದಿನ ಕಳೆದಂತೆ ನೀರಿನ ಉಪ್ಪು ಇಳಿಯಿತು. ದೂರದಿಂದ ಒಂದೆರಡು ಮೀನು ಮಡುವಿಗೆ ಬಂದು, ಮೂಗು ತೂರಿಸಿ, ಉಳಿಯಬಹುದು ಎಂದು ತೀರ್ಮಾನಿಸಿದವು.

ಅಷ್ಟರಲ್ಲಿ ಮರಿಗಳೂ ಬಲಿತಿದ್ದವು. ಗುಹೆಯ ಮುಂದಿನ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಜಾರುವುದೇ ಅವುಗಳ ಆಟ. ಒಂದು ದಿನ ಕೆಂಚಣ್ಣ ಮರಳಿನ ಹೊರೆಯೊಂದಿಗೆ ಆ ದಾರಿಯಲ್ಲೇ ಬಂದ. ಮರಿಗಳು ಅವನನ್ನು ಸುತ್ತುವರಿದವು.

"ಕೆಂಚ ಮಾಮಾ, ಇಲ್ಲಿ ಮರಳು ಹಾಕಬೇಡ! ಈ ಜಾರುಬಂಡೆ ನಮ್ಮದು!"

ಹಿಂದಿನ ಕೆಂಚಣ್ಣನಾಗಿದ್ದರೆ ಹೂಂ ಅನ್ನುತ್ತಲೂ ಇರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ಸುರಿದು ಹೋಗುತ್ತಿದ್ದ. ಈಗ ಅವನು ಹೊರೆ ಇಳಿಸಿದ. ಮಂಜುಗಡ್ಡೆಯನ್ನು ನೋಡಿದ. ಇಳಿಜಾರಿನ ಕೆಳಗೆ ಯಾರ ಮನೆಯಿದೆ ಎಂದು ಬಗ್ಗಿ ನೋಡಿದ.

"ಮೊದಲು ನಿಮ್ಮ ಅಮ್ಮನನ್ನು ಕೇಳಿಕೊಂಡು ಬನ್ನಿ," ಅಂದ. "ಅಲ್ಲಿಯವರೆಗೆ ನಾನು ಕಾಯುತ್ತೇನೆ."

ನೀತಿ: ಇನ್ನೊಬ್ಬರ ನೀರಿಗೆ ಉಪ್ಪು ಸುರಿದವನಿಗೆ ಒಂದು ದಿನ ಅದೇ ನೀರು ಕುಡಿಯುವ ಸರದಿ ಬರುತ್ತದೆ.