ಯಜಮಾನನ ಕೈಯ ಭಿಕ್ಷೆ

ಪೂಜ್ಯ ಅಡಿವಯ್ಯ ಅಜ್ಜನವರಿಗೆ ಮಠವೆಂದರೆ ಊರ ಹೊರಗಿನ ತಗಡಿನ ಗುಡಿಸಲು, ಆಸ್ತಿಯೆಂದರೆ ಹೆಗಲಿನ ಜೋಳಿಗೆ. ಒಂದು ಮುಂಜಾನೆ ಅವರು ಭಿಕ್ಷೆಗೆ ಹೊರಟಾಗ ಗುರುನಿಂಗಪ್ಪನ ಮನೆಯ ಮುಂದೆ ಹಿರಿಯರು ಸೇರಿದ್ದರು. ಸಂಕವ್ವನ ಟ್ರಂಕು ಬೀದಿಯಲ್ಲಿತ್ತು, ಅದರ ಮೇಲೆ ಅವಳು ಕೂತಿದ್ದಳು.

ಇಬ್ಬರೂ ತಾಳಿಯಿಲ್ಲದೆ ಬಹುಕಾಲ ಕೂಡಿ ಬಾಳಿದವರು. ಭಟ್ಟಿಯಲ್ಲಿ ತಾವೇ ಇಟ್ಟಂಗಿ ಸುಟ್ಟು ಕಟ್ಟಿದ ಮನೆ, ಕಾಗದ ಮಾತ್ರ ಅವನ ಹೆಸರಿನಲ್ಲಿ. ಈಗ ಮನಸ್ಸು ಮುರಿದಿತ್ತು. ಹಿರಿಯರ ಮುಂದೆ ಏನು ಹೇಳಬೇಕೆಂದು ಗುರುನಿಂಗಪ್ಪನ ಅಣ್ಣ ಸಿದ್ಲಿಂಗಪ್ಪ ಮೊದಲೇ ಅವನ ಕಿವಿಯಲ್ಲಿ ಊದಿದ್ದ.

ನ್ಯಾಯ ಹೇಳಬೇಕೆಂದು ಹಿರಿಯರು ಅಜ್ಜನವರನ್ನು ಬೇಡಿಕೊಂಡರು. ಗುರುನಿಂಗಪ್ಪ ಕೈಮುಗಿದು, "ಅಜ್ಜಾರ, ಮನಿ ನಂದು. ಈಕಿ ಕೂಲಿಗೆ ಇದ್ದಾಕಿ" ಎಂದುಬಿಟ್ಟ. ಸಂಕವ್ವ ನೆಲ ನೋಡುತ್ತಿದ್ದಳು.

ಅಜ್ಜನವರು ಜೋಳಿಗೆ ಬಿಚ್ಚಿ ಹಿಡಿದರು. "ಹಂಗಾದ್ರ ಇವತ್ತಿನ ಭಿಕ್ಷಾ ಯಜಮಾನನ ಕೈಲೆ ಆಗಲಿ."

ಅದೇನು ಮಹಾ ಎಂದು ಗುರುನಿಂಗಪ್ಪ ಎದೆಯುಬ್ಬಿಸಿ ಒಳಹೋದ. ಒಂದು ಗಡಿಗೆಯಲ್ಲಿ ಹುರುಳಿ, ಇನ್ನೊಂದರಲ್ಲಿ ನುಚ್ಚು. ಭಿಕ್ಷೆಗೆ ನೀಡುವ ಜೋಳದ ಹಿಟ್ಟು ಎಲ್ಲಿದೆಯೋ ಪುಣ್ಯಾತ್ಮನಿಗೆ ಗೊತ್ತಿಲ್ಲ. ದಿನಾ ಕರೆದು ರೂಢಿಯಾದ ಬಾಯಿ, ತಡೆಯುವಷ್ಟರಲ್ಲಿ ಕೂಗಿಯೇಬಿಟ್ಟಿತು: "ಏ ಸಂಕೀ, ಹಿಟ್ಟೆಲ್ಲಿ ಇಟ್ಟೀ?"

ಬೀದಿಯಿಂದ ಅವಳೂ ರೂಢಿಯಂತೆಯೇ ಉತ್ತರಿಸಿದಳು. "ಒಲಿ ಹಿಂದ, ಸಣ್ಣ ಹರವಿಯೊಳಗ ಐತಿ. ಮುಚ್ಚಳ ಬಿಗಿ ಐತಿ, ಸಾವಕಾಶ ತಗೀರಿ."

ಯಾರೋ ನಕ್ಕರು. ಅಜ್ಜನವರು ನಗಲಿಲ್ಲ. "ತಮ್ಮಾ, ಯಜಮಾನಗ ಹಿಟ್ಟು ಎಲ್ಲೈತಿ ಗೊತ್ತಿಲ್ಲ, ಕೂಲಿಯಾಕಿಗೆ ಗೊತ್ತೈತಿ. ಭಿಕ್ಷಾ ಯಾರ ಕೈಲೆ ತಗೊಳ್ಳಲಿ?"

ಒಳಗೆ ಗುರುನಿಂಗಪ್ಪ ಹರವಿಯ ಮುಂದೆ ಕುಸಿದು ಕೂತ. ಕೂಲಿಯವಳೆಂದು ಅನ್ನಿಸಿಕೊಂಡ ಮೇಲೂ ಅವಳು ಅವನ ಕೈಗೆ ಮುಚ್ಚಳ ಬಿಗಿಯಾದೀತೆಂದು ಎಚ್ಚರಿಸಿದ್ದಳಲ್ಲ, ನಾಚಿಕೆಯಿಂದ ಅವನ ಮೈಯೆಲ್ಲ ಸುಟ್ಟಿತು. ಹೊರಬಂದವನು ತಲೆಯೆತ್ತದೆ ಸಂಕವ್ವನನ್ನು ಎಬ್ಬಿಸಿ, ಟ್ರಂಕನ್ನು ಹೊತ್ತು ಒಳಗಿಟ್ಟು ಬಂದ. "ಸುಳ್ಳು ಹೇಳಿದೆ ಅಜ್ಜಾರ. ಇಬ್ಬರೂ ಕಟ್ಟಿದ ಮನಿ. ಆಕಿ ಇಲ್ಲೇ ಇರಲಿ, ಆಕಿ ಹೆಸರಿಗೇ ಬರಸ್ತೀನಿ. ನಾ ಭಟ್ಟಿ ಕಡೆ ಇರ್ತೀನಿ." ಅಣ್ಣ ತೋಳು ಜಗ್ಗಿದ, ಅವನು ಕೊಡವಿಕೊಂಡ.

ಅಂದಿನ ಭಿಕ್ಷೆಯನ್ನು ಅಜ್ಜನವರು ಸಂಕವ್ವನ ಕೈಯಿಂದ ಸ್ವೀಕರಿಸಿದರು.

ಮುರಿದ ಮನಸ್ಸು ಮತ್ತೆ ಕೂಡಲಿಲ್ಲ, ಅಜ್ಜನವರು ಕೂಡಿಸಲೂ ಹೋಗಲಿಲ್ಲ. ಆದರೆ ಮುಂದೆ ಅವರು ಭಟ್ಟಿಯ ಕಡೆ ಬಂದಾಗಲೆಲ್ಲ ಗುರುನಿಂಗಪ್ಪ ತಾನೇ ಬೀಸಿ ತಂದಿಟ್ಟ ಹಿಟ್ಟನ್ನು, ಯಾರನ್ನೂ ಕೇಳದೆ, ತೆಗೆದು ನೀಡುತ್ತಿದ್ದ. ನೀಡುವಾಗ ಅವರ ಮುಖ ನೋಡುವ ಧೈರ್ಯ ಮಾತ್ರ ಅವನಿಗೆ ಕೊನೆಯವರೆಗೂ ಬರಲಿಲ್ಲ.