ಯಾರ ಪಾಲಿಗೂ ಸೇರದ ಮೂರು ಮೊಳ ಏರಿ

ಒಂದಾನೊಂದು ಕಾಲದಲ್ಲಿ, ಎಷ್ಟು ಹಿಂದೆ ಅಂತ ಕೇಳ್ಬೇಡ, ನಿಮ್ಮ ತಾತನ ತಾತನಿಗೆ ಇನ್ನೂ ಹಲ್ಲು ಬರದೆ ಇದ್ದ ಕಾಲದಲ್ಲಿ, ಮುತ್ತುಗದಕೆರೆ ಅಂತ ಒಂದು ಊರಿತ್ತಂತೆ. ಊರಿಗೊಂದು ದೊಡ್ಡ ಕೆರೆ, ಕೆರೆಗೊಂದು ಉದ್ದದ ಮಣ್ಣಿನ ಏರಿ, ಏರಿ ಕೆಳಗೆ ಸಾಲಾಗಿ ನಲವತ್ತು ಮನೆ ಕುಂಬಾರಕೇರಿ. ಕೆರೆ ನೋಡ್ಕೊಳ್ಳೋಕೆ ಕಾಟಯ್ಯ ಅಂತ ಒಬ್ಬ ನೀರುಗಂಟಿ ಇದ್ದನಂತೆ. ತೂಬು ಎತ್ತಿ ಗದ್ದೆಗೆ ನೀರು ಬಿಡೋದು, ಏಡಿ ಕೊರೆದ ತೂತು ಮುಚ್ಚೋದು, ಏರಿ ಮೇಲೆ ಗಿಡ ಬೇರು ಬಿಡದ ಹಾಗೆ ಕೀಳೋದು, ಎಲ್ಲ ಅವನದೇ ಕೆಲಸ. ಅವನಿಗೆ ಮೂರು ಜನ ಗಂಡುಮಕ್ಕಳು, ದೊಡ್ಡೋನು ಬೋರಯ್ಯ, ನಡುವಿನೋನು ಓಬಯ್ಯ, ಚಿಕ್ಕೋನು ಚಿತ್ತಯ್ಯ. ಹೂಂ ಅನ್ನು ಮಗ, ಇಲ್ದೆ ಇದ್ರೆ ನಾನು ಗೋಡೆಗೆ ಕತೆ ಹೇಳ್ದಂಗಾಗುತ್ತೆ.

ಆಮೇಲೆ ಕಾಟಯ್ಯ ಸಾಯೋ ಹೊತ್ತಿಗೆ ಮೂವರನ್ನೂ ಹತ್ರ ಕರೆದು, ಏರಿ ಹಿಂದೆ ತಿಳಿನೀರು ಜಿನುಗಿದ್ರೆ ಹೆದರ್ಬೇಡಿ, ಕೆಂಪುನೀರು ಬಂದ್ರೆ ಮಾತ್ರ ಒಳಗೆ ಮಣ್ಣು ಕರಗ್ತಾ ಇದೆ ಅಂತ ತಿಳ್ಕೊಳ್ರಪ್ಪಾ, ಅಂತ ಹೇಳಿ ಕಣ್ಣು ಮುಚ್ಚಿದನಂತೆ. ಮಕ್ಕಳು ಮೈಗಳ್ಳರಲ್ಲ ಕಣೋ, ಆ ಮಾತು ಹೇಳ್ಬೇಕು. ಆದ್ರೆ ಯಾವುದೋ ಒಂದು ಎಮ್ಮೆಕರದ ವಿಚಾರಕ್ಕೆ ಜಗಳ ಆಡ್ಕೊಂಡು ಮೂವರಿಗೂ ಮಾತಿಲ್ಲ. ಅದಕ್ಕೆ ಮನೆ ಪಾಲು ಮಾಡ್ಕೊಂಡ ಹಾಗೆ ಏರೀನೂ ಮೂರು ಪಾಲು ಮಾಡ್ಕೊಂಡ್ರಂತೆ. ಹಗ್ಗ ಹಿಡಿದು ಅಳೆದು, ಪಾಲು ಪಾಲಿನ ನಡುವೆ ಒಂದೊಂದು ಗಡಿಕಲ್ಲು ನೆಟ್ರಂತೆ.

ಪಾಲಾದ ಮೇಲೆ ಅವರ ದುಡಿಮೆ ನೋಡ್ಬೇಕಿತ್ತು. ಬೋರಯ್ಯನ ಪಾಲು ಸಾರಿಸಿದ ಅಂಗಳದ ಹಾಗಿದ್ರೆ, ಓಬಯ್ಯನ ಪಾಲಲ್ಲಿ ಒಂದು ಹುಲ್ಲುಕಡ್ಡಿ ಸೊಟ್ಟಗಿರ್ತಿರಲಿಲ್ಲವಂತೆ. ಆದ್ರೆ ಗಡಿಕಲ್ಲಿನ ಹತ್ರ ಬಂದಾಗ ಮಾತ್ರ, ಎಲ್ಲಿ ಅಣ್ಣ ಒತ್ತುವರಿ ಅಂತಾನೋ ಅಂತ ತಮ್ಮ, ಎಲ್ಲಿ ತಮ್ಮ ಜಗಳ ತೆಗೀತಾನೋ ಅಂತ ಅಣ್ಣ, ಇಬ್ಬರೂ ಒಂದೂವರೆ ಮೊಳ ಹಿಂದೇನೇ ನಿಂತ್ಬಿಡ್ತಿದ್ರಂತೆ. ಒಂದೂವರೆ ಒಂದೂವರೆ ಸೇರಿ ಮೂರು ಮೊಳ ಏರಿ ಯಾರ ಪಾಲಿಗೂ ಇಲ್ಲ. ಏಡಿಗಳಿಗೆ ಗಡಿ ಗೊತ್ತಾ? ಅವು ಅಲ್ಲೇ ಸಂಸಾರ ಹೂಡಿದ್ವಂತೆ.

ಹೀಗೇ ಕೆಲವು ವರ್ಷ ಕಳೆದು, ಒಂದು ವರ್ಷ ಉತ್ತರೆ, ಹಸ್ತ, ಚಿತ್ತೆ, ಮೂರು ಮಳೆಯೂ ಬಿಡದೆ ಹೊಡೆದು ಕೆರೆ ಕೋಡಿ ಬಿತ್ತಂತೆ. ಒಂದಿನ ಬೆಳಿಗ್ಗೆ ಮಳೆ ಬಿಡುವು ಕೊಡ್ತು. ಕುಂಬಾರಕೇರಿ ಗಂಡಸ್ರೆಲ್ಲ ಗಾಡಿಗೆ ಮಡಕೆ ಹೇರ್ಕೊಂಡು ಸಂತೆಗೆ ಹೋದ್ರಂತೆ. ಕೇರೀಲಿ ಗಿರಿಯಮ್ಮ ಅಂತ ಒಬ್ಬಳು ಕುಂಬಾರ್ತಿ. ಅವಳ ಒಬ್ಬಳೇ ಮಗಳು ಹೊನ್ನಕ್ಕ ಹೆತ್ತು ಮೂರು ದಿನ ಆಗಿತ್ತು, ಜ್ವರ ಸುಡ್ತಾ ಇತ್ತು, ಏಳೋಕೂ ಆಗ್ತಿರಲಿಲ್ಲ, ಪಕ್ಕದಲ್ಲಿ ಅಂಗೈ ಅಗಲದ ಕೂಸು. ಗಿರಿಯಮ್ಮ ನೀರು ಕಾಯಿಸೋಕೆ ಸೌದೆ ತರೋಣ ಅಂತ ಹಿತ್ತಲಿಗೆ ಹೋದ್ರೆ, ಏರಿ ಬುಡದಲ್ಲಿ ದಾರದ ಎಳೆಯಷ್ಟು ನೀರು ಬರ್ತಿತ್ತಂತೆ. ಕೆಂಪುನೀರು.

ಏರಿ ಕೆಳಗೆ ಬಾಳೋಳಿಗೆ ಅದರ ಅರ್ಥ ಗೊತ್ತಿಲ್ವಾ? ಬೋರಯ್ಯನ ಹತ್ರ ಓಡಿದಳಂತೆ. ಬೋರಣ್ಣಾ, ಮಗಳು ಮಲಗಿದಾಳೆ, ಎತ್ಕೊಂಡು ಹೋಗೋಕೆ ಒಂದು ಗಂಡಾಳಿಲ್ಲ, ಬೇಗ ಬಾ ಅಂದ್ರೆ, ನನ್ನ ಪಾಲು ಇಷ್ಟು ಮಳೆಗೂ ಗಟ್ಟಿಯಾಗಿದೆ ಮುಟ್ಟಿ ನೋಡಕ್ಕಾ, ಅದು ಕಲ್ಲಿಂದ ಆಚೆ ಇರ್ಬೇಕು, ಓಬನ್ನ ಕೇಳು ಅಂದನಂತೆ. ಆಮೇಲೆ ಓಬಯ್ಯನ ಹತ್ರ ಓಡಿದಳು. ಕಲ್ಲಿನ ಹತ್ರ ಒಂದು ಮಂಕರಿ ಮಣ್ಣು ಹಾಕಿದ್ರೂ ನಮ್ಮಣ್ಣ ಪಂಚಾಯ್ತಿ ಸೇರಿಸ್ತಾನೆ, ನನಗ್ಯಾಕಕ್ಕಾ ಆ ಉಸಾಬರಿ ಅಂದನಂತೆ. ತಿರುಗಿ ಬಂದು ನೋಡಿದ್ರೆ ನೀರು ಬೆರಳು ದಪ್ಪ ಆಗಿತ್ತು. ಆಮೇಲೆ ಚಿತ್ತಯ್ಯನ ಹತ್ರ ಓಡಿದಳು. ಅವನು ಮುದ್ದೆ ಮುರೀತಾ ಕೂತಿದ್ದ. ನನ್ನ ಪಾಲು ಆ ತುದಿ, ದೊಡ್ಡೋರಿಬ್ಬರೂ ಸುಮ್ಮನಿರುವಾಗ ನಾನ್ಯಾಕೆ ಮೂಗು ತೂರಿಸ್ಲಿ ಅಂದನಂತೆ. ತಿರುಗಿ ಬಂದು ನೋಡಿದ್ರೆ ಮುಂಗೈ ದಪ್ಪ!

ಗಿರಿಯಮ್ಮ ಅಳ್ತಾ ಕೂರೋ ಹೆಂಗಸಲ್ಲ. ಒಂದು ಗಳಿಗೆ ನಿಂತು ಯೋಚನೆ ಮಾಡಿದಳಂತೆ. ಇವರಿಗೆ ಏರಿ ಒಡೆದ್ರೆ ಬರೋಕೆ ಕಾಲಿಲ್ಲ, ಯಾವುದಕ್ಕೆ ಬರ್ತಾರೆ ಹಾಗಾದ್ರೆ? ಹಾರೆ ತಗೊಂಡು ಸೀದಾ ಏರಿ ಹತ್ತಿ, ನೆತ್ತಿ ಮೇಲೆ ಬೋರಯ್ಯ ಓಬಯ್ಯನ ಪಾಲಿನ ನಡುವೆ ಇದ್ದ ಗಡಿಕಲ್ಲು ಮೀಟಿ ಕಿತ್ತು, ಕೆಳಗೆ ಉರುಳಿಸಿಬಿಟ್ಟಳಂತೆ! ಆಮೇಲೆ ಸೊಂಟದ ಮೇಲೆ ಕೈಯಿಟ್ಕೊಂಡು, ಗಡಿಕಲ್ಲು ಕಿತ್ತಿದೀನಿ ಬರ್ರೋ ಅಂತ ಕೂಗಿದಳಂತೆ.

ಬಂದ್ರು ನೋಡು ಮೂವರೂ! ಬೋರಯ್ಯ ಈ ಕಡೆಯಿಂದ, ಓಬಯ್ಯ ಆ ಕಡೆಯಿಂದ, ಒಂದು ಕಲ್ಲು ಸರಿದ್ರೆ ನನ್ನ ಅಳತೇನೂ ಸರಿಯುತ್ತಲ್ಲಾ ಅಂತ ಚಿತ್ತಯ್ಯ ಎಂಜಲು ಕೈಯಲ್ಲೇ. ಗದ್ದಲ ಕೇಳಿ ಊರೂ ಹಿಂದೇನೇ ಬಂತಂತೆ. ಯಾರು ನಿನಗೆ ಹೇಳಿದ್ದು, ಎಷ್ಟು ಧೈರ್ಯ ನಿನಗೆ ಅಂತ ಬೈದದ್ದೇ ಬೈದದ್ದು. ಗಿರಿಯಮ್ಮ ಅಂದಳಂತೆ, ಬೈಯ್ರಪ್ಪಾ, ಹೊಟ್ಟೆ ತುಂಬ ಬೈಯ್ರಿ, ಮೊದ್ಲು ಒಂದ್ಸಲ ಕೆಳಗೆ ಬಗ್ಗಿ ನೋಡ್ರಿ.

ಬಗ್ಗಿ ನೋಡಿದ್ರೆ ಕುಂಕುಮ ಕದಡಿದ ಹಾಗೆ ನೀರು ಬುಸುಗುಡ್ತಾ ಗಿರಿಯಮ್ಮನ ಹಿತ್ತಲಿಗೆ ಹರೀತಾ ಇದೆ. ಮೂವರಿಗೂ ಅಪ್ಪ ಸಾಯೋವಾಗ ಹೇಳಿದ ಮಾತು ನೆನಪಾಯ್ತಂತೆ. ಎಷ್ಟೋ ವರ್ಷ ಆದ ಮೇಲೆ ಮೊದಲನೇ ಸಲ ಬೋರಯ್ಯ ತಮ್ಮನ ಕಡೆ ತಿರುಗಿ, ಲೋ ಓಬಾ, ಈಗೇನೋ ಮಾಡೋದು ಅಂದನಂತೆ.

ಓಬಯ್ಯನಿಗೆ ಉಪಾಯ ಗೊತ್ತಿತ್ತು. ಅಕ್ಕಾ, ಭತ್ತದ ಹೊಟ್ಟು ಕೊಡು ಅಂದ. ಮಡಕೆ ಸುಡೋಕೆ ಅಂತ ಗಿರಿಯಮ್ಮ ಮೂಟೆ ಕಟ್ಟಿಟ್ಟಿದ್ದಳಲ್ಲ, ಅದನ್ನ ತಂದು ಕೆರೆ ನೀರಿನ ಮೇಲೆ ಎರಚಿದ್ರಂತೆ. ಎಲ್ಲ ಕಡೆ ಸುಮ್ಮನೆ ತೇಲ್ತಿದ್ದ ಹೊಟ್ಟು ಒಂದು ಜಾಗದಲ್ಲಿ ಮಾತ್ರ ಗಿರಗಿರ ಸುತ್ತಿ ಒಳಕ್ಕೆ ಹೋಯ್ತಂತೆ. ಅಲ್ಲೇ ತೂತಿನ ಬಾಯಿ. ಚಿತ್ತಯ್ಯ ಸೊಂಟಕ್ಕೆ ಹಗ್ಗ ಕಟ್ಕೊಂಡು ಹುಲ್ಲಿನ ಕಂತೆ ಹಿಡಿದು ಮುಳುಗಿದ. ಓಬಯ್ಯ ಮೇಲೆ ಹಗ್ಗ ಹಿಡಿದು ನಿಂತ. ಆದ್ರೆ ನೀರಿನ ಸೆಳೆತಕ್ಕೆ ಕಂತೆ ನಿಲ್ಲೋದಿಲ್ಲವಂತೆ. ನೀರು ಇಳಿಸ್ಬೇಕು, ಇಳಿಸ್ಬೇಕಂದ್ರೆ ತೂಬು ಪೂರ್ತಿ ಎತ್ಬೇಕು, ತೂಬಿನ ಮುಂದೆ ಇರೋದೇ ಬೋರಯ್ಯನ ಗದ್ದೆ, ಕುಯ್ಯೋಕೆ ಬಂದ ಭತ್ತ. ಬೋರಯ್ಯ ಒಂದ್ಸಲ ಗದ್ದೆ ನೋಡಿದನಂತೆ, ಒಂದ್ಸಲ ಹೊನ್ನಕ್ಕ ಮಲಗಿದ್ದ ಮನೆ ಸೂರು ನೋಡಿದನಂತೆ. ಹೋಗಿ ತೂಬು ಎತ್ತಿಬಿಟ್ಟ, ಪುಣ್ಯಾತ್ಮ.

ಊರಿನೋರು ಸುಮ್ಮನೆ ನಿಲ್ಲಲಿಲ್ಲ. ನಾಲ್ಕು ಜನ ಹೋಗಿ ಹೊನ್ನಕ್ಕನ್ನ, ಕೂಸನ್ನ ಮಂಚದ ಸಮೇತ ಎತ್ಕೊಂಡು ದಿಬ್ಬಕ್ಕೆ ಸೇರಿಸಿದ್ರು. ಮುದುಕರು ಕೇರಿ ಮಕ್ಕಳನ್ನ ಕರ್ಕೊಂಡು ಅವರ ಹಿಂದೆ ನಡೆದ್ರು. ಗಿರಿಯಮ್ಮ ವರ್ಷಕ್ಕಾಗುವಷ್ಟು ತುಳಿದು ಹದ ಮಾಡಿಟ್ಟಿದ್ದ ಜೇಡಿಮಣ್ಣು, ಅವಳ ಅನ್ನ ಅದು, ಎಲ್ಲಾನೂ ಬಾಚಿ ಕೊಟ್ಟಳು. ಮನೆ ಬಾಗಿಲಿಂದ ಏರಿವರೆಗೂ ಜನ ಸಾಲು ನಿಂತು ಮಂಕರಿ ಕೈಯಿಂದ ಕೈಗೆ ದಾಟಿಸಿದ್ರಂತೆ. ಯಾರ ಕೈ, ಯಾವ ಕೇರಿ ಕೈ ಅಂತ ಯಾರೂ ಕೇಳಲಿಲ್ಲವಂತೆ. ಕಂತೆ ಮೇಲೆ ಮಣ್ಣು, ಮಣ್ಣಿನ ಮೇಲೆ ಕಂತೆ, ಚಿತ್ತಯ್ಯ ಮೂರು ಸಲ ಮುಳುಗಿ ಎದ್ದ. ಮೂರನೇ ಸಲ ಎದ್ದಾಗ ಕೆಳಗಿಂದ ಯಾರೋ ಕೂಗಿದ್ರಂತೆ, ನಿಂತಿತು, ನೀರು ನಿಂತಿತು!

ಗಿರಿಯಮ್ಮ ಅಲ್ಲೇ ಕುಸಿದು ಕೂತು, ಊರಿನ ಕಡೆಗೆ ಕೈ ಮುಗಿದು, ಆವಾಗ ಅತ್ತಳಂತೆ. ನನಗೆ ಈಗಲೂ ಆ ಸಾಲಲ್ಲಿ ನಿಂತೋರನ್ನ ನೆನೆಸ್ಕೊಂಡ್ರೆ ಕಣ್ಣು ತುಂಬುತ್ತೆ. ಅವರ ಹೊಟ್ಟೆ ತಣ್ಣಗಿರ್ಲಿ.

ಮಾರನೇ ದಿನ ಮನೆಮನೆಯಿಂದ ಒಂದೊಂದು ಮೊರ ಭತ್ತ ತಂದು ಬೆಳೆ ಕಳ್ಕೊಂಡ ಬೋರಯ್ಯನ ಜಗಲಿ ಮೇಲೆ ಸುರಿದು ಹೋದ್ರಂತೆ. ಅಣ್ಣತಮ್ಮಂದಿರು ಗಾಡಿ ಕಟ್ಕೊಂಡು ಹೋಗಿ ಗಿರಿಯಮ್ಮನಿಗೆ ಹೊಸ ಜೇಡಿಮಣ್ಣು ತಂದು ಹಾಕಿ, ಅವರೇ ತುಳಿದು ಕೊಟ್ರಂತೆ. ಆಮೇಲೆ ಇನ್ನೊಂದು ಗಡಿಕಲ್ಲನ್ನೂ ಕಿತ್ತು, ವರ್ಷವರ್ಷ ಮಳೆಗೆ ಮುಂಚೆ ಊರೆಲ್ಲ ಸೇರಿ ಈ ತುದಿಯಿಂದ ಆ ತುದಿಗೆ ಏರಿ ನಡೆದು ನೋಡೋದು ಅಂತ ಕಟ್ಟುಪಾಡು ಮಾಡ್ಕೊಂಡ್ರಂತೆ.

ಜ್ವರ ಇಳಿದು ಹೊನ್ನಕ್ಕ ಎದ್ದಳು. ಕೂಸಿಗೆ ಕಿವಿ ಚುಚ್ಚೋ ದಿನ ಬಂತು. ಸೋದರಮಾವ ತೊಡೆ ಮೇಲೆ ಕೂರಿಸ್ಕೋಬೇಕು, ಹೊನ್ನಕ್ಕನಿಗೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ. ನಾನಿದೀನಿ ಅಂತ ಬೋರಯ್ಯ ಬಂದ, ನೀನ್ಯಾಕೆ ನಾನಿದೀನಿ ಅಂತ ಓಬಯ್ಯ, ನೀರಿಗಿಳಿದೋನು ನಾನು ಅಂತ ಚಿತ್ತಯ್ಯ. ಶುರುವಾಯ್ತು ಮತ್ತೆ! ಗಿರಿಯಮ್ಮ ನಗ್ತಾ ಕೇಳಿದಳಂತೆ, ಏನ್ರಪ್ಪಾ, ನನ್ನ ಮೊಮ್ಮಗೂಗೂ ಕಲ್ಲು ನೆಡ್ತೀರಾ?

ಮೂವರಿಗೂ ನಾಚಿಕೆ ಆಯ್ತು, ಆಮೇಲೆ ನಗು ಬಂತು. ಮೂವರೂ ಒಂದೇ ಚಾಪೆ ಮೇಲೆ, ನಡುವೆ ಒಂದು ಬೆರಳೂ ಸಂದು ಬಿಡದ ಹಾಗೆ ತೊಡೆಗೆ ತೊಡೆ ತಾಗಿಸಿ ಕೂತ್ರಂತೆ. ಹೊನ್ನಕ್ಕ ಕೂಸನ್ನ ತಂದು ಆ ಮೂರು ತೊಡೆ ಮೇಲೂ ಅಡ್ಡಡ್ಡ ಮಲಗಿಸಿದಳಂತೆ.

ಕತೆ ಕೆರೆ ಸೇರ್ತು, ನೀನು ನಿದ್ದೆ ಸೇರು ಮಗ.