ಸ್ವಂತ ಮಗಳ ಹಾಗೆ

ಅರಸೀಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಪುಟ್ಟಗೌರಮ್ಮನಿಗೆ ಗಂಡ ಇರಲಿಲ್ಲ. ಇದ್ದವಳು ಮಗಳು ಚಂಪಾ ಒಬ್ಬಳೇ. ಅವಳಿಗೆ ವಯಸ್ಸು ಮೂವತ್ತು, ಬುದ್ಧಿ ಮಾತ್ರ ನಾಲ್ಕು ವರ್ಷದ ಮಗುವಿನದು. ತಾನು ಸತ್ತರೆ ಇವಳ ಗತಿಯೇನು ಎಂದು ಪುಟ್ಟಗೌರಮ್ಮ ಒಬ್ಬಳೇ ಕೂತು ಯೋಚಿಸುತ್ತಿದ್ದಳು.

ಒಂದು ದಿನ ಗಂಡನ ಅಣ್ಣ ಕಲ್ಲೇಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ವರ್ಷಗಟ್ಟಲೆ ಅವರು ಈ ಕಡೆ ತಲೆ ಹಾಕಿರಲಿಲ್ಲ.

"ಮನೆ, ಗಿರಣಿ ಎರಡನ್ನೂ ನನ್ನ ಹೆಸರಿಗೆ ವಿಲ್ ಬರೆದುಬಿಡು. ಚಂಪಾನ ಸ್ವಂತ ಮಗಳ ಹಾಗೆ ನೋಡ್ಕೋತೀನಿ. ನಾಳೆನೇ ಆಗ್ಬೇಕು," ಎಂದರು.

ಹಿರಿಯರು ತಲೆಯಾಡಿಸಿದರು. ಪುಟ್ಟಗೌರಮ್ಮನ ಪರ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

"ಆಗಲಿ ಭಾವ," ಎಂದಳು.

ಮರುದಿನ ನೋಂದಣಿ ಕಚೇರಿಯ ಮುಂದೆ, ಪತ್ರ ಬರೆಯುವವನಿಗೆ ಹೇಳಿದಳು: "ಸ್ವಾಮಿ, ಎರಡು ಪತ್ರ ಬರೀರಿ. ಒಂದು ನಂದು, ಇನ್ನೊಂದು ಭಾವಂದು. ಚಂಪಾ ಅವರಿಗೆ ಸ್ವಂತ ಮಗಳ ಹಾಗಂತೆ. ಅವರ ಹೆಣ್ಮಕ್ಕಳ ಜೊತೆ ಇವಳಿಗೂ ಜಮೀನಲ್ಲಿ ಸಮಪಾಲು ಅಂತ ಬರೀರಿ. ಹಿರಿಯರು ಸಾಕ್ಷಿ ಹಾಕ್ತಾರೆ."

ಕಲ್ಲೇಗೌಡರ ಮುಖ ಕಪ್ಪಿಟ್ಟಿತು. "ಅದು ಬಾಯಿಮಾತಿಗೆ ಹೇಳಿದ್ದು ಕಣಮ್ಮ."

"ಹಾಗಾದ್ರೆ ನನ್ನ ವಿಲ್ಲೂ ಬಾಯಿಮಾತಲ್ಲೇ ಇರ್ಲಿ ಬಿಡಿ, ಭಾವ."

ಹಿರಿಯರೊಬ್ಬರು ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡರು. ಕಲ್ಲೇಗೌಡರು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಪುಟ್ಟಗೌರಮ್ಮ ಎಲ್ಲವನ್ನೂ ಚಂಪಾಳ ಹೆಸರಿಗೇ ಬರೆಸಿದಳು. "ನಿಮ್ಮ ನಂತರ ಇವಳನ್ನ ನೋಡ್ಕೊಳ್ಳೋರ ಹೆಸರು ಹೇಳಿ," ಎಂದ ಬರೆಯುವವನು.

ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೆನೆದಳು. ಒಂದು ಹೆಸರೂ ಬಾಯಿಗೆ ಬರಲಿಲ್ಲ.

"ಪಕ್ಕದ್ಮನೆ ಬಳೆ ಮಾರೋ ಜಮೀಲಾ ಅಂತ ಬರ್ಕೊಳ್ಳಿ," ಎಂದಳು ಕೊನೆಗೆ. "ಚಂಪಾ ಅತ್ತಾಗ ಏನಾಯ್ತು ಅಂತ ಕೇಳೋಳು ಅವಳೊಬ್ಬಳೇ."